ಹದಿನಾರು ವರ್ಷವಾದರೂ ತುಂಬದ ಗುಂಡಿ: ಕೊಳವೆಬಾವಿಯ ನೀರು ಕುಡಿಯಬಹುದೇ?

ಪ್ರಶ್ನೆ: ಬೆಂಗಳೂರಿನ ಉತ್ತರದ ಅಂಚಿನಲ್ಲಿ, 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಪೈಕಿ ಒಂದರಲ್ಲಿ ನಮ್ಮ ಮನೆಯಿದೆ. 30×40 ನಿವೇಶನ. ಮನೆ ಕಟ್ಟಿ ಹದಿನಾರು ವರ್ಷಗಳಾದವು. ನಾಲ್ಕು ಜನ ಇದ್ದೇವೆ. ಶೌಚಾಲಯ, ಬಚ್ಚಲು, ಅಡುಗೆಮನೆ ಮೂರರ ನೀರೂ ಗೇಟಿನ ಬಳಿಯ ರಿಂಗ್ ಗುಂಡಿಗೆ ಹೋಗುತ್ತದೆ. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ಈ ಗುಂಡಿ ಇಂದಿಗೂ ಒಮ್ಮೆಯೂ ತುಂಬಿಲ್ಲ. ಅದರಿಂದ ಹದಿನೆಂಟು ಅಡಿ ದೂರದಲ್ಲಿ 900 ಅಡಿಯ ಕೊಳವೆಬಾವಿಯಿದೆ. ನೀರು ತಿಳಿಯಾಗಿದೆ, ವಾಸನೆಯಿಲ್ಲ, ಮೀಟರಿನಲ್ಲಿ ಟಿಡಿಎಸ್ (ಕರಗಿರುವ ಒಟ್ಟು ಲವಣಾಂಶ) 640 ತೋರಿಸುತ್ತದೆ. ಯುವಿ ಫಿಲ್ಟರ್ ಹಾಕಿ ಅದನ್ನೇ ಕುಡಿಯುತ್ತೇವೆ. ಕಳೆದ ವರ್ಷ ಕಾವೇರಿ ಸಂಪರ್ಕ ಸಿಕ್ಕಿದೆ, ಆದರೆ ಆ ನೀರಿಗೆ ಬ್ಲೀಚಿಂಗ್ ಪುಡಿಯ ವಾಸನೆ ಇರುವುದರಿಂದ ಬಟ್ಟೆ, ಪಾತ್ರೆಗೆ ಮಾತ್ರ ಬಳಸುತ್ತೇವೆ. ಈಗ ಮಗಳು ನಾಲ್ಕು ತಿಂಗಳ ಕೂಸಿನೊಂದಿಗೆ ಬಂದಿದ್ದಾಳೆ. ಮಗುವಿಗೆ ಪುಡಿ ಹಾಲನ್ನೂ ಕೊಡುತ್ತೇವೆ. ರಸ್ತೆಯಲ್ಲಿ ಒಳಚರಂಡಿ ಕೊಳವೆ ಹಾಕಿದ್ದಾರೆ, ನಾವು ಇನ್ನೂ ಸಂಪರ್ಕ ಪಡೆದಿಲ್ಲ. ಅದಕ್ಕೆ ಖರ್ಚು ಮಾಡುವ ಬದಲು, ಬತ್ತಿ ನಿಂತಿರುವ ನಮ್ಮ ಹಳೆಯ 380 ಅಡಿಯ ಬೋರ್‌ಗೆ ಬಚ್ಚಲು ನೀರನ್ನು ಬಿಟ್ಟರೆ ನೀರೂ ಇಂಗುತ್ತದೆ, ಗುಂಡಿಯನ್ನು ಹಸಿ ಕಸಕ್ಕೆ ಬಳಸಬಹುದು ಎಂದು ಮೇಸ್ತ್ರಿ ಹೇಳುತ್ತಾರೆ. ಇದು ಸರಿಯೇ?

ಉತ್ತರ:

ನಿಮ್ಮ ಪತ್ರದಲ್ಲಿ ಕೇಳಿರುವ ಪ್ರಶ್ನೆ ಹಳೆಯ ಬೋರ್‌ನದು. ಆದರೆ ಅದಕ್ಕಿಂತ ಮೊದಲು ಉತ್ತರಿಸಬೇಕಾದದ್ದು ನೀವು ನಡುವೆ ಹೇಳಿ ದಾಟಿಹೋದ ಮಾತು. ಮಗುವಿನ ಪುಡಿ ಹಾಲಿಗೆ ಈ ಕೊಳವೆಬಾವಿಯ ನೀರನ್ನು ಬಳಸುತ್ತಿದ್ದರೆ ಇಂದೇ ನಿಲ್ಲಿಸಿ. ಪರೀಕ್ಷೆಯ ವರದಿ ಬರಲಿ ಎಂದು ಕಾಯಬೇಡಿ. ಗುಂಡಿಯ ಪಕ್ಕದ ಕೊಳವೆಬಾವಿಗಳಲ್ಲಿ ನೈಟ್ರೇಟ್ ಅಂಶ ಹೆಚ್ಚಿರುವ ಸಾಧ್ಯತೆ ದೊಡ್ಡದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕವಾದ ಐಎಸ್ 10500 ಹೇಳುತ್ತದೆ. ಟಿಡಿಎಸ್, ಗಡಸುತನಗಳ ವಿಷಯದಲ್ಲಿ, ಬೇರೆ ಮೂಲವಿಲ್ಲದಿದ್ದರೆ ಇಷ್ಟರವರೆಗೆ ನಡೆಯಬಹುದು ಎಂಬ ಸಡಿಲಿಕೆಯನ್ನು ಕೊಡುವ ಅದೇ ಮಾನಕ ನೈಟ್ರೇಟ್ ವಿಷಯದಲ್ಲಿ ಯಾವ ಸಡಿಲಿಕೆಯನ್ನೂ ಕೊಟ್ಟಿಲ್ಲ. ಆರು ತಿಂಗಳೊಳಗಿನ ಕೂಸುಗಳ ದೇಹದಲ್ಲಿ ನೈಟ್ರೇಟ್ ನೈಟ್ರೈಟ್ ಆಗಿ ಮಾರ್ಪಟ್ಟು, ರಕ್ತ ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕುಂದಿಸುತ್ತದೆ. ತುಟಿ, ಉಗುರುಗಳು ನೀಲಿಗಟ್ಟುವುದು ಅದರ ಲಕ್ಷಣ, ಹಾಗೇನಾದರೂ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಎದೆಹಾಲು ಮಾತ್ರ ಕುಡಿಯುವ ಮಗುವಿಗೆ ಈ ಅಪಾಯ ತೀರಾ ಕಡಿಮೆ, ನೀರಿನಲ್ಲಿ ಕಲಸಿದ ಹಾಲು ಕುಡಿಯುವ ಮಗುವಿಗೇ ಹೆಚ್ಚು. ಕುದಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಇಲ್ಲಿ ತಿರುಗುಬಾಣವಾಗುತ್ತದೆ. ಕುದಿಸಿದಾಗ ಸೂಕ್ಷ್ಮಾಣುಗಳು ಸಾಯುತ್ತವೆ ನಿಜ, ಆದರೆ ನೀರು ಆವಿಯಾಗಿ ಉಳಿದ ನೀರಿನಲ್ಲಿ ನೈಟ್ರೇಟ್‌ನ ಸಾಂದ್ರತೆ ಇನ್ನಷ್ಟು ಏರುತ್ತದೆ. ಯುವಿ ಫಿಲ್ಟರ್ ಕೂಡ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆಯೇ ಹೊರತು ಕರಗಿರುವ ಯಾವ ಲವಣವನ್ನೂ ತೆಗೆಯುವುದಿಲ್ಲ.

ಹಾಗಿದ್ದರೆ ಯಾವ ನೀರು? ನೀವು ಪಾತ್ರೆ ತೊಳೆಯಲು ಬಿಟ್ಟಿರುವ ಕಾವೇರಿ ನೀರೇ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಪಂಪ್ ಆಗಿ ಬರುವ ಈ ನೀರನ್ನು ಶುದ್ಧೀಕರಿಸಿಯೇ ಕಳಿಸುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ, ಕಾವೇರಿ ಯೋಜನೆಯ ಐದನೇ ಹಂತವನ್ನು ರೂಪಿಸಿದ್ದೇ ನಿಮ್ಮಂಥ 110 ಹಳ್ಳಿಗಳ ಬಡಾವಣೆಗಳಿಗಾಗಿ. ನೀವು ದೂರುವ ವಾಸನೆ ಕ್ಲೋರಿನ್‌ನದು. ಅದು ನಲ್ಲಿಯ ತುದಿಯವರೆಗೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂನಷ್ಟು ಉಳಿದಿರಬೇಕೆಂಬುದು ನಿಯಮ, ಏಕೆಂದರೆ ದಾರಿಯಲ್ಲಿ ಎಲ್ಲಿಯಾದರೂ ಕೊಳೆ ಸೇರಿದರೆ ಅದನ್ನು ಎದುರಿಸಲು ನೀರಿನಲ್ಲಿ ಒಂದಿಷ್ಟು ಕ್ಲೋರಿನ್ ಮಿಕ್ಕಿರಬೇಕು. ಅಗಲ ಬಾಯಿಯ ಪಾತ್ರೆಯಲ್ಲಿ ತೆಳು ಬಟ್ಟೆ ಮುಚ್ಚಿ ಕೆಲವು ಗಂಟೆ ಇಟ್ಟು ಕುದಿಸಿದರೆ ಆ ವಾಸನೆ ಹೋಗುತ್ತದೆ. ವಾಸನೆಯಿರುವ ನೀರು ಕೆಟ್ಟದ್ದು, ವಾಸನೆಯಿಲ್ಲದ್ದು ಒಳ್ಳೆಯದು ಎಂಬ ಲೆಕ್ಕದಲ್ಲಿ ನಗರದ ಅಂಚಿನ ಎಷ್ಟೋ ಮನೆಗಳು ಕಾವೇರಿಯನ್ನು ಬಚ್ಚಲಿಗೂ ಬೋರ್ ನೀರನ್ನು ಹೂಜಿಗೂ ಇಟ್ಟುಕೊಂಡಿರುವುದನ್ನು ವೃತ್ತಿಯಲ್ಲಿ ಪದೇಪದೇ ಕಾಣುತ್ತೇನೆ. ಆದರೆ ಒಂದು ಎಚ್ಚರಿಕೆ: ಕಾವೇರಿ ನೀರನ್ನೂ ಬೋರ್ ನೀರನ್ನೂ ಒಂದೇ ಸಂಪಿಗೆ ಬಿಡುತ್ತಿದ್ದರೆ ಈ ಮಾತೆಲ್ಲ ವ್ಯರ್ಥ. ಕುಡಿಯುವ ನೀರನ್ನು ಕಾವೇರಿಯ ನಲ್ಲಿಯಿಂದಲೇ ನೇರವಾಗಿ ಹಿಡಿದುಕೊಳ್ಳಿ.

ಇನ್ನು ನಿಮ್ಮ ಮೀಟರಿನ ವಿಷಯ. ಅದು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದರಿಂದ ಒಟ್ಟು ಲವಣಾಂಶವನ್ನು ಅಂದಾಜು ಮಾಡಿ ತೋರಿಸುತ್ತದೆ. 640ರಲ್ಲಿ ಸುಣ್ಣದ ಅಂಶವೆಷ್ಟು, ಉಪ್ಪೆಷ್ಟು, ನೈಟ್ರೇಟ್ ಎಷ್ಟು ಎಂದು ಅದು ಹೇಳಲಾರದು. ರೋಗಾಣುಗಳಂತೂ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಮಿತಿಯ ಎರಡು ಪಟ್ಟು ನೈಟ್ರೇಟ್ ಇರುವ ನೀರೂ ಮೀಟರಿನಲ್ಲಿ ‘ಪರವಾಗಿಲ್ಲ’ ಎಂಬ ಅಂಕಿಯನ್ನೇ ತೋರಿಸಬಹುದು. ನೈಟ್ರೇಟ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ತಿಳಿ ನೀರನ್ನು ನೋಡಿ ಸಮಾಧಾನಪಡುವುದು ಸಹಜ, ಆದರೆ ಅದು ಆಧಾರವಿಲ್ಲದ ಸಮಾಧಾನ.

ಗುಂಡಿ ತುಂಬಿಲ್ಲ ಎಂಬುದನ್ನು ನೀವು ಒಂದು ಒಳ್ಳೆಯ ಗುಣವೆಂಬಂತೆ ಬರೆದಿದ್ದೀರಿ. ನನ್ನನ್ನು ಹೆಚ್ಚು ಕಾಡಿದ್ದು ಅದೇ ಸಾಲು. ಮೂರು ಅಡಿ ವ್ಯಾಸ, ಇಪ್ಪತ್ತು ಅಡಿ ಆಳದ ಗುಂಡಿಯಲ್ಲಿ ಹಿಡಿಯುವುದು ಸುಮಾರು 4,000 ಲೀಟರ್. ನಗರದ ನೀರಿನ ಯೋಜನೆಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂದು ಲೆಕ್ಕ ಹಿಡಿಯುತ್ತಾರೆ. ಅದರಂತೆ ನಾಲ್ವರಿಗೆ ದಿನಕ್ಕೆ 540 ಲೀಟರ್ ಆಯಿತು, ಅದರಲ್ಲಿ ಬಹುಪಾಲು ಕೊಳೆನೀರಾಗಿ ಗುಂಡಿಗೇ ಇಳಿಯುತ್ತದೆ. ಗುಂಡಿ ನಿಜವಾಗಿಯೂ ನೀರು ಹಿಡಿದಿಟ್ಟುಕೊಳ್ಳುವಂಥದ್ದಾಗಿದ್ದರೆ ಎಂಟು ಹತ್ತು ದಿನಗಳಲ್ಲಿ ಉಕ್ಕಬೇಕಿತ್ತು. ಹದಿನಾರು ವರ್ಷ ಉಕ್ಕಿಲ್ಲವೆಂದರೆ, ಇಪ್ಪತ್ತು ಲಕ್ಷ ಲೀಟರಿಗೂ ಹೆಚ್ಚು ಮಲಿನ ನೀರು ನಿಮ್ಮ ಗೇಟಿನ ಕೆಳಗಿನಿಂದ ಎಲ್ಲಿಗೋ ಹೋಗಿದೆ ಎಂದರ್ಥ. ತಳ ತೆರೆದಿರುವ, ರಿಂಗುಗಳ ಸಂದಿಗೆ ಗಾರೆ ಹಾಕದ ಗುಂಡಿಯನ್ನು ಕಟ್ಟುವುದೇ ಹೀಗೆ ಸೋರಲಿ ಎಂದು. ಗುತ್ತಿಗೆದಾರರು ‘ಇದು ಜನ್ಮದಲ್ಲಿ ತುಂಬುವುದಿಲ್ಲ ಸಾರ್’ ಎಂದು ಖಾತರಿ ಕೊಡುವಾಗ ಅವರು ಸುಳ್ಳು ಹೇಳುತ್ತಿರುವುದಿಲ್ಲ. ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಆ ನೀರಿನೊಂದಿಗೆ ಎರಡು ಬಗೆಯ ಅಪಾಯಗಳು ಪ್ರಯಾಣ ಮಾಡುತ್ತವೆ. ಒಂದು, ಕರುಳಿನ ಸೂಕ್ಷ್ಮಾಣುಗಳು: ವಾಂತಿಭೇದಿ, ಟೈಫಾಯ್ಡ್, ಹೆಪಟೈಟಿಸ್ ಎ ಮತ್ತು ಇ ಬಗೆಯ ಕಾಮಾಲೆ ತರುವಂಥವು. ಒಣ ಮಣ್ಣಿನ ದಪ್ಪ ಪದರದ ಮೂಲಕ ನಿಧಾನವಾಗಿ ಸೋಸಿಕೊಂಡು ಇಳಿದರೆ ಇವು ದಾರಿಯಲ್ಲೇ ಬಹುಮಟ್ಟಿಗೆ ಸಾಯುತ್ತವೆ. ಎರಡನೆಯದು ನೈಟ್ರೇಟ್. ಮೂತ್ರದ ಯೂರಿಯಾ ಅಮೋನಿಯಾ ಆಗಿ, ಮಣ್ಣಿನ ಬ್ಯಾಕ್ಟೀರಿಯಾಗಳ ಕೆಲಸದಿಂದ ನೈಟ್ರೇಟ್ ಆಗುತ್ತದೆ. ಅದು ಮಣ್ಣಿಗೆ ಅಂಟಿಕೊಳ್ಳದೆ ನೀರಿನ ಜತೆಗೇ ಅಂತರ್ಜಲಕ್ಕೆ ಇಳಿಯುತ್ತದೆ, ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ. ನಮ್ಮದು 900 ಅಡಿ, ಅಷ್ಟು ಆಳಕ್ಕೆ ಕೊಳೆ ಹೇಗೆ ಹೋದೀತು ಎಂದು ನೀವು ಕೇಳಬಹುದು. ಬೆಂಗಳೂರಿನ ನೆಲದಲ್ಲಿ ಮೇಲೆ ಮಣ್ಣು, ಅದರ ಕೆಳಗೆ ಶಿಥಿಲವಾದ ಕಲ್ಲು, ಆಮೇಲೆ ಗಟ್ಟಿ ನೈಸ್ ಮತ್ತು ಗ್ರಾನೈಟ್ ಬಂಡೆ. ಮಣ್ಣು ಕುಸಿಯದಂತೆ ಬೋರ್‌ನೊಳಗೆ ಹಾಕುವ ಕೇಸಿಂಗ್ ಪೈಪ್ ಇಳಿಸುವುದು ಗಟ್ಟಿ ಬಂಡೆ ಸಿಗುವವರೆಗೆ ಮಾತ್ರ. ಅದರ ಕೆಳಗೆ ಬೋರ್ ಬರಿಯ ಕಲ್ಲಿನ ರಂಧ್ರ. ಕೇಸಿಂಗ್‌ಗೂ ಮಣ್ಣಿಗೂ ನಡುವಿನ ಖಾಲಿ ಜಾಗವನ್ನು ಸಿಮೆಂಟ್ ಗಾರೆಯಿಂದ ಮುಚ್ಚಬೇಕು, ಆದರೆ ಮನೆಗಳ ಕೊಳವೆಬಾವಿಗಳಲ್ಲಿ ಈ ಕೆಲಸ ಮಾಡಿಸಿದವರು ಅಪರೂಪ. ಮೇಲಿನ ಕೊಳೆನೀರು ಪೈಪಿನ ಹೊರಮೈಗುಂಟ ಜಾರಿ ನೇರವಾಗಿ ಕೆಳಗಿಳಿಯುತ್ತದೆ. ಪಂಪ್ ಓಡಿದಾಗ ಒಳಗಿನ ನೀರಿನ ಮಟ್ಟ ಕುಸಿದು ಅದನ್ನು ಇನ್ನಷ್ಟು ಬೇಗ ಎಳೆದುಕೊಳ್ಳುತ್ತದೆ. ಇದನ್ನು ಕಣ್ಣಾರೆ ನೋಡಬಹುದಾದ ಸಂದರ್ಭವೂ ಇದೆ. ಎರಡು ಮೂರು ದಿನ ಜೋರು ಮಳೆಯಾದ ಮೇಲೆ ಬೆಳಗ್ಗೆ ಪಂಪ್ ಹಾಕಿ ಮೊದಲ ಬಕೆಟ್ ನೀರನ್ನು ಹಿಡಿದು ನೋಡಿ: ಗುಂಡಿಯೊಂದಿಗೆ ನೇರ ನಂಟಿರುವ ಬೋರ್‌ಗಳಲ್ಲಿ ನೀರು ತುಸು ಮಸುಕಾಗಿ, ಬಕೆಟ್‌ನ ಅಂಚಿನ ಸುತ್ತ ಬಟ್ಟೆ ಸೋಪಿನ ಸಣ್ಣ ನೊರೆ ನಿಲ್ಲಬಹುದು. ಹತ್ತು ನಿಮಿಷ ಪಂಪ್ ಓಡಿದ ಮೇಲೆ ಅದೇ ನೀರು ತಿಳಿಯಾಗುತ್ತದೆ, ಮನೆಯವರು ಮರೆತುಬಿಡುತ್ತಾರೆ. ನೊರೆ ಕಾಣದಿದ್ದರೆ ನೀರು ಶುದ್ಧ ಎಂದು ಮಾತ್ರ ತೀರ್ಮಾನಿಸಬೇಡಿ.

ಸೆಪ್ಟಿಕ್ ಟ್ಯಾಂಕ್ ಕುರಿತ ಭಾರತೀಯ ಮಾನಕ, ಐಎಸ್ 2470, ಕೊಳೆನೀರನ್ನು ಇಂಗಿಸುವ ಜಾಗ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ದೂರವಿರಬೇಕು ಎನ್ನುತ್ತದೆ. ನಿಮ್ಮ ನಿವೇಶನದ ಉದ್ದವೇ 40 ಅಡಿ; ಮೂಲೆಯಿಂದ ಮೂಲೆಗೆ ಅಳೆದರೂ 50 ಅಡಿ. ಅಂದರೆ 30×40 ನಿವೇಶನದಲ್ಲಿ ಇಂಗುಗುಂಡಿಯನ್ನೂ ಕುಡಿಯುವ ನೀರಿನ ಬೋರನ್ನೂ ಎಲ್ಲೇ ಇಟ್ಟರೂ ಈ ನಿಯಮ ಪಾಲಿಸಲು ಸಾಧ್ಯವೇ ಇಲ್ಲ. ಇದರಲ್ಲಿ ನಿಮ್ಮದೊಬ್ಬರದೇ ತಪ್ಪಿಲ್ಲ. ಒಳಚರಂಡಿ ಬರುವ ಮೊದಲೇ ಸಣ್ಣ ನಿವೇಶನಗಳಿಗೆ ಪರವಾನಗಿ ಕೊಟ್ಟ ಬಡಾವಣೆಗಳಲ್ಲೆಲ್ಲ ಇದೇ ಕಥೆ. ಗೋಡೆಯಾಚೆಯ ಮನೆಯ ಗುಂಡಿ ನಿಮ್ಮ ಬೋರ್‌ಗೆ ಎಷ್ಟು ದೂರದಲ್ಲಿದೆ ಎಂಬುದನ್ನೂ ಒಮ್ಮೆ ನೋಡಿಕೊಳ್ಳಿ.

ಈಗ ಮೇಸ್ತ್ರಿಯವರ ಸಲಹೆಗೆ ಬರೋಣ. ಬತ್ತಿದ ಬೋರ್‌ಗೆ ಬಚ್ಚಲು ನೀರು ಬಿಡುವುದನ್ನು ಯಾವ ಕಾರಣಕ್ಕೂ ಮಾಡಬೇಡಿ. ಗುಂಡಿಯಿಂದ ಸೋರುವ ನೀರಿಗೆ ಮಣ್ಣು ಅಷ್ಟಿಷ್ಟಾದರೂ ಸೋಸುವ ಕೆಲಸ ಮಾಡುತ್ತದೆ. ಬೋರ್‌ಗೆ ಬಿಟ್ಟ ನೀರಿಗೆ ಆ ರಕ್ಷಣೆಯೂ ಇಲ್ಲ. ಬಂಡೆಯ ಬಿರುಕುಗಳಲ್ಲಿ ಸೋಸುವಿಕೆ ಎಂಬುದೇ ನಡೆಯುವುದಿಲ್ಲ, ಆ ಬಿರುಕುಗಳು ಎಲ್ಲಿಂದ ಎಲ್ಲಿಗೆ ಕೂಡಿಕೊಂಡಿವೆ ಎಂದು ಮೇಲೆ ನಿಂತು ಯಾರೂ ಹೇಳಲಾರರು. ಇಂದು ನಿಮ್ಮ ಹಳೆಯ ಬೋರ್‌ಗೆ ಇಳಿದ ಕೊಳೆನೀರು ನಿಮ್ಮ ಹೊಸ ಬೋರ್‌ನಲ್ಲೋ ಮುಂದಿನ ಬೀದಿಯವರ ಬೋರ್‌ನಲ್ಲೋ ಮೇಲೆ ಬರಬಹುದು, ಒಮ್ಮೆ ಹಾಗೆ ಕೆಟ್ಟ ಬಂಡೆಯ ನೀರನ್ನು ತೊಳೆದು ಸರಿಪಡಿಸುವ ಉಪಾಯ ನಮ್ಮ ಬಳಿ ಇಲ್ಲ. ನೀರು ಇಂಗಿಸುವುದು ಪುಣ್ಯದ ಕೆಲಸವೆಂಬ ಮಾತು ಮಳೆನೀರಿಗೆ ಹೊಂದುತ್ತದೆ, ಅದೂ ಮೊದಲ ಮಳೆಯ ಕೊಳೆಯನ್ನು ಹೊರಗೆ ಬಿಟ್ಟು, ಜಲ್ಲಿ ಮರಳುಗಳ ಮೂಲಕ ಸೋಸಿದ ಚಾವಣಿಯ ನೀರಿಗೆ. ಬಚ್ಚಲು ನೀರಿನಲ್ಲಿ ಮಲವಿಲ್ಲವಲ್ಲ ಎಂಬ ವಾದವೂ ನಿಲ್ಲುವುದಿಲ್ಲ. ಮಗುವಿನ ಬಟ್ಟೆ ಒಗೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿದರೆ ಸಾಕು. ಹಳೆಯ ಬೋರ್‌ನ ಬಾಯಿಗೆ ಈಗಲೇ ಕಬ್ಬಿಣದ ಮುಚ್ಚಳವನ್ನು ವೆಲ್ಡ್ ಮಾಡಿಸಿ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಮಗು ಬದುಕಿ ಬಂದದ್ದು ಅದೃಷ್ಟ. ಅಂಥ ಅದೃಷ್ಟ ಪ್ರತಿ ಸಲ ಇರುವುದಿಲ್ಲ.

ನಿಮ್ಮ ಮುಂದಿರುವ ಸರಿಯಾದ ದಾರಿ ಒಳಚರಂಡಿ ಸಂಪರ್ಕವೇ. ಆದರೆ ಅದರಲ್ಲೂ ವಿಚಾರಿಸಿಕೊಳ್ಳಬೇಕಾದ ಸಂಗತಿಗಳಿವೆ. ರಸ್ತೆಯಲ್ಲಿ ಕೊಳವೆ ಹಾಕಿದ್ದಾರೆ ಎಂದ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಎಂದಲ್ಲ. ಆ ಕೊಳವೆ ಮುಂದಿನ ದೊಡ್ಡ ಕೊಳವೆಗೆ, ಅಲ್ಲಿಂದ ಸಂಸ್ಕರಣಾ ಘಟಕಕ್ಕೆ ಕೂಡಿಕೊಂಡಿದೆಯೇ ಎಂಬುದನ್ನು ಜಲಮಂಡಳಿಯ ನಿಮ್ಮ ಉಪವಿಭಾಗದ ಎಂಜಿನಿಯರ್ ಅವರಿಂದಲೇ ತಿಳಿದುಕೊಳ್ಳಿ. ಮುಂದೆ ದಾರಿಯಿಲ್ಲದ ಕೊಳವೆಗೆ ಮನೆಗಳು ಒಂದೊಂದಾಗಿ ಸೇರಿಕೊಂಡರೆ, ತಗ್ಗಿನಲ್ಲಿರುವ ಮನೆಯ ಬಚ್ಚಲಿನಲ್ಲಿ ಎಲ್ಲರ ಕೊಳೆಯೂ ಮೇಲೆ ಬರುತ್ತದೆ. ರಾತ್ರೋರಾತ್ರಿ ಮ್ಯಾನ್‌ಹೋಲ್ ಒಡೆದು ಸೇರಿಸಿಕೊಡುತ್ತೇನೆ ಎನ್ನುವವರನ್ನು ದೂರವಿಡಿ. ಅರ್ಜಿ ಹಾಕಿ, ಶುಲ್ಕ ಕಟ್ಟಿಯೇ ಸಂಪರ್ಕ ಪಡೆಯಿರಿ. ಮನೆಯೊಳಗಿನಿಂದ ಬರುವ ಕೊಳವೆಗೆ 40ರಿಂದ 60 ಅಡಿಗೆ ಒಂದು ಅಡಿಯಷ್ಟು ಇಳಿಜಾರು ಬೇಕು. ನಿಮ್ಮ ಅಂಗಳ ರಸ್ತೆಗಿಂತ ತಗ್ಗಾಗಿದ್ದರೆ ಈ ಲೆಕ್ಕ ಮೊದಲೇ ನೋಡಿಸಿಕೊಳ್ಳಿ, ಜತೆಗೆ ಹಿಮ್ಮುಖ ಹರಿವನ್ನು ತಡೆಯುವ ಕವಾಟವನ್ನೂ ಹಾಕಿಸಿ. ಚಾವಣಿಯ ಮಳೆನೀರನ್ನು ಒಳಚರಂಡಿಗೆ ಬಿಡುವಂತಿಲ್ಲ. ಮಳೆಗಾಲದಲ್ಲಿ ಮ್ಯಾನ್‌ಹೋಲ್‌ಗಳು ಉಕ್ಕುವುದಕ್ಕೆ ಇದೊಂದು ದೊಡ್ಡ ಕಾರಣ.

ಒಳಚರಂಡಿ ಚಾಲೂ ಆಗಲು ಇನ್ನೂ ಕಾಲ ಹಿಡಿಯುತ್ತದೆ ಎಂದು ತಿಳಿದುಬಂದರೆ, ಅಲ್ಲಿಯವರೆಗೆ ತಳ ಮತ್ತು ಗೋಡೆಗಳಿಗೆ ಗಾರೆ ಮಾಡಿದ, ಸೋರದ, ಎರಡು ಕೋಣೆಯ ಸೆಪ್ಟಿಕ್ ಟ್ಯಾಂಕ್ ಕಟ್ಟಿಸಬಹುದು. ಇದು ಪೂರ್ಣ ಪರಿಹಾರವಲ್ಲ: ಟ್ಯಾಂಕಿನಿಂದ ಹೊರಬರುವ ನೀರಿನಲ್ಲೂ ರೋಗಾಣುಗಳಿರುತ್ತವೆ, ಅದನ್ನು ಇಂಗಿಸಲು ನಿಮ್ಮಲ್ಲಿ ಜಾಗವಿಲ್ಲ. ಹಾಗಾಗಿ ಟ್ಯಾಂಕ್ ಕಟ್ಟಿಸಿದರೂ ಬೋರ್ ನೀರನ್ನು ಕುಡಿಯಲು ಬಳಸುವಂತಿಲ್ಲ. ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಸೋಸುವ ಆರ್‌ಒ ಯಂತ್ರ ನೈಟ್ರೇಟನ್ನು ಕಡಿಮೆ ಮಾಡುತ್ತದೆಯಾದರೂ ಪೊರೆ ಸವೆದಂತೆ ಅದರ ಸಾಮರ್ಥ್ಯ ಕುಗ್ಗುತ್ತದೆ. ಅದು ಒಂದು ಲೀಟರ್ ಒಳ್ಳೆಯ ನೀರಿಗಾಗಿ ಹೊರಚೆಲ್ಲುವ ಎರಡು ಮೂರು ಲೀಟರ್ ನೀರು ಮತ್ತೆ ಅದೇ ಗುಂಡಿಗೆ ಇಳಿಯುತ್ತದೆ. ಕಾವೇರಿ ನಲ್ಲಿ ಇರುವ ಮನೆಗೆ ಈ ಸುತ್ತುದಾರಿ ಅನಗತ್ಯವೆಂದೇ ನನ್ನ ಅಭಿಪ್ರಾಯ.

ಹಳೆಯ ಗುಂಡಿಯನ್ನು ಮುಚ್ಚುವಾಗ ಆಗುವ ಅನಾಹುತಗಳು ಹೆಚ್ಚು. ಅದರೊಳಗೆ ಮೀಥೇನ್ ಮತ್ತು ಹೈಡ್ರೋಜನ್ ಸಲ್ಫೈಡ್ ಅನಿಲಗಳು ತುಂಬಿರುತ್ತವೆ. ಹೈಡ್ರೋಜನ್ ಸಲ್ಫೈಡ್ ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ, ಬಹಳವಿದ್ದಾಗ ಮೂಗಿನ ಗ್ರಹಣಶಕ್ತಿಯನ್ನೇ ಕೊಂದು ವಾಸನೆಯಿಲ್ಲದಂತೆ ಮಾಡುತ್ತದೆ. ಬಗ್ಗಿ ನೋಡಿದವರು, ಅವರನ್ನು ಎತ್ತಲು ಹೋದವರು ಒಬ್ಬರ ಹಿಂದೊಬ್ಬರು ಸಾಯುವುದು ಹೀಗೆ. ಗುಂಡಿ ತೆರವು ಮಾಡಲು ಸಕ್ಕಿಂಗ್ ಲಾರಿಯನ್ನು ಮಾತ್ರ ಕರೆಸಿ, ಯಾರನ್ನೂ ಒಳಗೆ ಇಳಿಸಬೇಡಿ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಗುಂಡಿಗೆ ಇಳಿಸುವುದು ಮಲಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಜೈಲು ಶಿಕ್ಷೆಯ ಅಪರಾಧ, ಮೊದಲ ಸಲಕ್ಕೇ ಎರಡು ವರ್ಷದವರೆಗೆ. ಲಾರಿ ಇದ್ದರೂ ಆಳು ಏಕೆ ಇಳಿಯುತ್ತಾನೆ ಎಂದು ಕೇಳಿದರೆ ಉತ್ತರ ಮನೆಯ ಕಸದಲ್ಲಿದೆ. ಶೌಚಾಲಯಕ್ಕೆ ಹಾಕಿದ ಸ್ಯಾನಿಟರಿ ಪ್ಯಾಡ್, ಡಯಾಪರ್, ಬಟ್ಟೆ ಚೂರು, ತಲೆಗೂದಲ ಉಂಡೆ ಬೇಗ ಕೊಳೆಯುವುದಿಲ್ಲ. ಲಾರಿಯ ಹೀರುಕೊಳವೆಗೆ ಸಿಕ್ಕಿಕೊಂಡು ಪಂಪ್ ನಿಲ್ಲುತ್ತದೆ, ಆಗ ‘ಸ್ವಲ್ಪ ಇಳಿದು ಬಿಡಿಸಪ್ಪಾ’ ಎಂಬ ಮಾತು ಬರುತ್ತದೆ. ಮಗುವಿರುವ ಮನೆಯಲ್ಲಿ ಡಯಾಪರ್ ದಿನವೂ ಇರುತ್ತದೆ. ಮಲವನ್ನು ಶೌಚಾಲಯಕ್ಕೆ ಹಾಕಿ, ಡಯಾಪರ್ ಅನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಬೇರೆ ಕೊಡಿ. ಬೆಂಗಳೂರಿನಲ್ಲಿ 2015ರ ಹೈಕೋರ್ಟ್ ಆದೇಶದ ನಂತರ ಬಂದ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯಲ್ಲಿ ಕೆಂಪು ಬುಟ್ಟಿ ಇರುವುದೇ ಇದಕ್ಕೆ. ಲಾರಿಯವರನ್ನು ಕೊಳೆ ಎಲ್ಲಿ ಸುರಿಯುತ್ತೀರಿ ಎಂದೂ ಕೇಳಿ. ನಿಮ್ಮ ಉತ್ತರ ಭಾಗಕ್ಕೆ ದೂರವಲ್ಲದ ದೇವನಹಳ್ಳಿಯಲ್ಲಿ 2015ರಿಂದಲೇ ಗುಂಡಿಯ ಕೊಳೆಗೆಂದೇ ಕಟ್ಟಿದ ಸಂಸ್ಕರಣಾ ಘಟಕವಿದೆ. ಕೆರೆಯಂಚಿನಲ್ಲಿ ಸುರಿಯುವ ಲಾರಿಗೆ ಕಡಿಮೆ ದರವೆಂದು ಕೊಟ್ಟರೆ ಸಮಸ್ಯೆ ಬೇರೆಯವರ ಬೋರ್‌ಗೆ ವರ್ಗವಾಗುತ್ತದೆ, ಅಷ್ಟೆ.

ಬರಿದಾದ ಗುಂಡಿಗೆ ಸುಣ್ಣ ಚೆಲ್ಲಿ, ಮಣ್ಣು ಮತ್ತು ಕಟ್ಟಡದ ಚೂರುಗಳನ್ನು ಪದರ ಪದರವಾಗಿ ತುಂಬಿ, ಗಟ್ಟಿಸಿ ಮುಚ್ಚಿ. ಅದನ್ನು ಹಸಿ ಕಸಕ್ಕೆ ಬಳಸುವ ಯೋಚನೆ ಬೇಡ. ಇಪ್ಪತ್ತು ಅಡಿ ಆಳದಲ್ಲಿ ಗಾಳಿಯಾಡುವುದಿಲ್ಲ. ಅಲ್ಲಿ ಹಾಕಿದ ತರಕಾರಿ ಸಿಪ್ಪೆ, ಉಳಿದ ಅನ್ನ ಗೊಬ್ಬರವಾಗುವ ಬದಲು ಕೊಳೆತು ಮೀಥೇನ್ ಹುಟ್ಟಿಸುತ್ತದೆ, ಅದರ ಕಪ್ಪು ರಸ ಮತ್ತೆ ಅದೇ ಬೋರ್‌ನತ್ತ ಇಳಿಯುತ್ತದೆ. ಗೊಬ್ಬರ ಮಾಡುವ ಮನಸ್ಸಿದ್ದರೆ ನೆಲದ ಮೇಲೆಯೇ, ಬದಿಗಳಲ್ಲಿ ತೂತುಗಳಿರುವ ಡ್ರಮ್ಮಿನಲ್ಲಿ ಒಂದು ಪದರ ಹಸಿ ಕಸಕ್ಕೆ ಒಂದು ಪದರ ಒಣಗಿದ ಎಲೆ ಅಥವಾ ತೆಂಗಿನ ನಾರಿನ ಪುಡಿ ಹಾಕುತ್ತ ಬನ್ನಿ. ಅದಕ್ಕೆ ಪುರುಸೊತ್ತಿಲ್ಲವಾದರೆ ಕಸದ ಆಟೊಗೆ ಬೇರ್ಪಡಿಸಿ ಕೊಟ್ಟರೂ ಸಾಕು.

ಸಂಪಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಂಥ ನಿವೇಶನಗಳಲ್ಲಿ ಗುಂಡಿಯಿಂದ ನಾಲ್ಕೈದು ಅಡಿಗೇ ಸಂಪು ಇರುವುದುಂಟು. ಅದರ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ, ಸಂಪು ಅರ್ಧ ಖಾಲಿಯಾದಾಗ ಹೊರಗಿನ ತೇವ ಒಳಗೆ ಜಿನುಗುತ್ತದೆ. ಸಂಪನ್ನು ಖಾಲಿ ಮಾಡಿ ಒಂದು ದಿನ ಬಿಟ್ಟು ಗೋಡೆಯಲ್ಲಿ ಒದ್ದೆ ಗೆರೆ ಕಾಣುತ್ತದೆಯೇ ನೋಡಿ. ಬಿರುಕನ್ನು ಸರಿಪಡಿಸಿ, ಉಜ್ಜಿ ತೊಳೆದು, ನೀರು ತುಂಬಿ ಪ್ರತಿ 5,000 ಲೀಟರಿಗೆ ಒಂದು ಕಿಲೋ ಹೊಸ ಬ್ಲೀಚಿಂಗ್ ಪುಡಿಯನ್ನು ಬಕೆಟ್‌ನಲ್ಲಿ ಕದಡಿ, ಗಸಿ ಇಳಿದ ಮೇಲಿನ ತಿಳಿಯನ್ನು ಬೆರೆಸಿ. ನಾಲ್ಕು ಗಂಟೆ ಬಿಟ್ಟು ಪೂರ್ತಿ ಹೊರಹಾಕಿ, ಒಮ್ಮೆ ತೊಳೆದು ಮತ್ತೆ ತುಂಬಿ. ಈ ಪ್ರಮಾಣ ತೊಳೆಯುವುದಕ್ಕೆ ಮಾತ್ರ. ಆ ನೀರನ್ನು ಕುಡಿಯಬಾರದು, ಒಳಚರಂಡಿಗೂ ಗಿಡಕ್ಕೂ ಒಮ್ಮೆಲೇ ಬಿಡಬಾರದು.

ಬೋರ್ ನೀರನ್ನು ಎನ್‌ಎಬಿಎಲ್ (ಪ್ರಯೋಗಾಲಯಗಳ ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ, ನೈಟ್ರೇಟ್, ಫ್ಲೋರೈಡ್, ಗಡಸುತನ ಮತ್ತು ಇ. ಕೊಲೈ (ನೀರಿಗೆ ಮಲ ಸೇರಿರುವುದನ್ನು ತೋರಿಸುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ. ಸೂಕ್ಷ್ಮಾಣು ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಕ್ರಿಮಿಮುಕ್ತ ಸೀಸೆಯಲ್ಲಿ ಹಿಡಿದು ಅದೇ ದಿನ ತಲುಪಿಸಬೇಕು. ಒಂದು ಪರೀಕ್ಷೆ ಬೇಸಿಗೆಯ ಕೊನೆಗೆ, ಇನ್ನೊಂದು ಮಳೆಗಾಲ ಮುಗಿದ ಮೇಲೆ ಆದರೆ ಹೋಲಿಸಿ ನೋಡಲು ಬರುತ್ತದೆ. ನಿಮ್ಮ ಗುಂಡಿ ಮುಚ್ಚಿದ ಕೆಲವು ತಿಂಗಳಲ್ಲಿ ಸೂಕ್ಷ್ಮಾಣುಗಳು ಕಡಿಮೆಯಾಗಬಹುದು, ನೈಟ್ರೇಟ್ ಇಳಿಯಲು ವರ್ಷಗಳೇ ಬೇಕು. ಅಕ್ಕಪಕ್ಕದವರ ಗುಂಡಿಗಳು ಹಾಗೇ ಇದ್ದರೆ ಇಳಿಯದೆಯೂ ಹೋಗಬಹುದು. ಅಲ್ಲಿಯವರೆಗೆ ಬೋರ್ ನೀರು ಶೌಚಾಲಯಕ್ಕೆ, ನೆಲ ಒರೆಸಲು, ಗಿಡಗಳಿಗೆ ಇರಲಿ, ಮತ್ತು ಅದರ ಕೊಳವೆ ಅಡುಗೆಮನೆಯ ನಲ್ಲಿಗೆ ಸೇರದಂತೆ ಪ್ಲಂಬರ್‌ನಿಂದ ಕತ್ತರಿಸಿ ಬೇರ್ಪಡಿಸಿ. ಒಂದೇ ಬೀದಿಯ ಹತ್ತು ಮನೆಯವರು ಒಟ್ಟಿಗೆ ಜಲಮಂಡಳಿಗೆ ಅರ್ಜಿ ಹಾಕಿದರೆ ರಸ್ತೆ ಅಗೆಯುವ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ಪಕ್ಕದ ಮನೆಯವರೊಂದಿಗೆ ಈ ವಾರವೇ ಮಾತಾಡಿ.